ಆನೆಮರಿ ತೋಪಿನ ತೂತು

ಮೊನ್ನೆ ಶನಿವಾರ ನ್ಯೂಜಿಲೆಂಡಿನ ತಕಾನಿನಿಯ ನಮ್ಮ ಹೊಸ ಮನೆಯ ಗೇಟಿಗೆ ಗಿರೀಶ ಹಸಿರು ಎನಾಮೆಲ್ ಪೇಂಟ್ ಬಳಿಯುತ್ತಿದ್ದರು. ಅಡುಗೆಮನೆಯ ಕಿಟಕಿ ತೆರೆದದ್ದೇ ತಡ, ಆ ವಾಸನೆ ಮೂಗಿಗೆ ಬಂತು. ನಾನು ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

"ಯಾಕ, ತಲಿ ನೋಯಾಕತ್ತೇತೇನು?" ಅಂದರು.

"ಇಲ್ರಿ. ಬ್ಯಾರಿ ನೆನಪಾದ್ರು."

"ಹಾಂ, ನಿನ್ನ ತೋಪಿನ ವರ್ಷ," ಎಂದು ಗಂಡ ನಕ್ಕು, ಮತ್ತೆ ಬ್ರಷ್ ಅದ್ದಿದರು.

ನಮ್ಮ ಮನೆಯಲ್ಲಿ ಆ ವರ್ಷಕ್ಕೆ ಅದೇ ಹೆಸರು. ಬೇರೆಯವರ ಮನೆಯಲ್ಲಿ ಮಗು ಹುಟ್ಟಿದ ವರ್ಷ, ಮನೆ ಕೊಂಡ ವರ್ಷ ಎಂದು ಗುರುತು ಇಟ್ಟುಕೊಳ್ಳುತ್ತಾರೆ. ನಾವು ತೋಪಿನ ಹಿಂದೆ, ತೋಪಿನ ಮುಂದೆ ಎಂದು ಲೆಕ್ಕ ಹಿಡಿಯುತ್ತೇವೆ. ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ನಾನು ಹೇಳುವುದು ಹಾಲಿನ ಕಾರ್ಖಾನೆಗಳ ಬಾಯ್ಲರ್ ಪರೀಕ್ಷೆ ಮಾಡುತ್ತೇನೆ ಎಂದು. ಆದರೆ ಮನಸ್ಸಿನೊಳಗೆ ಹೆಮ್ಮೆಪಟ್ಟು ಹೇಳಿಕೊಳ್ಳುವ ಕೆಲಸ ಅದಲ್ಲ. ಅದು ಇಲ್ಲಿ ಮಾರ್ಚ್-ಏಪ್ರಿಲ್‌ಗೆ ಬರುವ ಶರತ್ಕಾಲದ್ದು, ಆ ಒಂದು ವರ್ಷದ್ದು, ಸಂಬಳವಿಲ್ಲದ್ದು, ಒಂದು ತೂತು ಅಳೆದದ್ದು.

ಆಗ ನಾವು ಕ್ರೈಸ್ಟ್‌ಚರ್ಚಿನಲ್ಲಿದ್ದೆವು. ನಾನು ಹುಬ್ಬಳ್ಳಿಯಲ್ಲಿ ಓದಿದ ಮೆಟಲರ್ಜಿ ಇಂಜಿನಿಯರು. ಉಕ್ಕಿನ ಪೈಪು, ಟ್ಯಾಂಕು, ಬಾಯ್ಲರು ಎಷ್ಟು ಸವೆದಿವೆ, ಎಲ್ಲಿ ಬಿರುಕು ಬಿಟ್ಟಿವೆ ಎಂದು ಒಡೆಯದೆ ಕೊರೆಯದೆ ನೋಡಿ ಹೇಳುವುದು ನನ್ನ ಉದ್ಯೋಗ. ಅಂಗೈಯಲ್ಲಿ ಹಿಡಿಯುವ ಒಂದು ಯಂತ್ರ ಇರುತ್ತದೆ. ಅದನ್ನು ಲೋಹಕ್ಕೆ ಒತ್ತಿದರೆ ಒಳಗೆ ಶಬ್ದ ಕಳಿಸಿ, ಅದು ತಿರುಗಿ ಬರುವ ಹೊತ್ತು ನೋಡಿ, ದಪ್ಪ ಎಷ್ಟು ಎಂದು ಹೇಳುತ್ತದೆ. ಅತ್ತೆ ಊರಿನಿಂದ ಬಂದು ನಮ್ಮ ಜೊತೆಗಿದ್ದರು. ಒಂದು ಮಧ್ಯಾಹ್ನ ಅವರು ತಮ್ಮ ರೊಟ್ಟಿ ಹಂಚು ತಂದು ನನ್ನ ಮುಂದಿಟ್ಟು, "ಎಲ್ಲಾರ ಬಾಯ್ಲರ್ ನೋಡ್ತಿ, ನನ್ನ ಹಂಚಿನ ದಪ್ಪಾ ಒಂದೀಟು ನೋಡು. ನಡುವ ತೆಳ್ಳಗಾಗೇತೇನೊ, ರೊಟ್ಟಿ ಹೊತ್ತತಾವ," ಅಂದರು. ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ಹಂಚು ಅಳೆಯುತ್ತಿದ್ದಾಗಲೇ ಪಕ್ಕದ ಮನೆಯ ಜಾಯ್ಸ್ ಬೇಲಿಯ ಮೇಲಿಂದ ಒಂದು ಬುಟ್ಟಿ ಪ್ಲಮ್ ಹಣ್ಣು ದಾಟಿಸಿದರು.

ಜಾಯ್ಸ್‌ಗೆ ಎಂಬತ್ತರ ಹತ್ತಿರ. ಎಲುಬು ಎಣಿಸುವಂಥ ಸಪೂರ ಮೈ, ಗಂಟಲು ಮಾತ್ರ ಮೈಕಿನಂಥದ್ದು. ಅತ್ತೆಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಇಬ್ಬರೂ ದಿನಾ ಬೇಲಿಗೆ ಆತು ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅತ್ತೆ ಅವರನ್ನು ‘ಜಾಯ್ಸಕ್ಕ’ ಎನ್ನುತ್ತಿದ್ದರು.

"ಅದು ಉಕ್ಕಿನ ದಪ್ಪ ಹೇಳುತ್ತದಾ?" ಎಂದು ಜಾಯ್ಸ್ ನನ್ನ ಕೈಯ ಯಂತ್ರ ನೋಡಿ ಕೇಳಿದರು.

"ಹೌದು."

"ಹಾಗಾದರೆ ಈ ಭಾನುವಾರ ನೀನು ನನ್ನ ಜೊತೆ ಬರಬೇಕು, ಶಶಿ. ನಮ್ಮಪ್ಪ ಸುಳ್ಳುಗಾರನೋ ಅಲ್ಲವೋ ಅಂತ ನೋಡಿ ಹೇಳಬೇಕು."

ಕ್ಯಾಂಟರ್ಬರಿ ಬಯಲಿನ ಒಂದು ಸಣ್ಣ ಊರು ಅವರ ತವರು. ಆ ಭಾನುವಾರ ವಾಯವ್ಯದ ಬಿಸಿಗಾಳಿ ಬೀಸುತ್ತಿತ್ತು. ಉತ್ತ ಹೊಲಗಳಿಂದ ಧೂಳೆದ್ದು ಆಲ್ಪ್ಸ್ ಬೆಟ್ಟಗಳೇ ಮಸುಕಾಗಿದ್ದವು. "ಥೇಟ್ ನಮ್ಮ ನವಲಗುಂದದ ಗಾಳಿನ," ಎಂದು ಹಿಂದಿನ ಸೀಟಿನಲ್ಲಿ ಅತ್ತೆಗೆ ಖುಷಿಯೋ ಖುಷಿ. ಊರ ಕೊನೆಯಲ್ಲಿ ತಗಡಿನ ದೊಡ್ಡ ಷೆಡ್ಡು, ಅದೇ ಊರಿನವರ ಯುದ್ಧ ಸಂಗ್ರಹಾಲಯ. ಸಂಬಳದವರು ಯಾರೂ ಇಲ್ಲ. ನೋಡಿಕೊಳ್ಳುತ್ತಿದ್ದವರು ಬ್ಯಾರಿ ಎಂಬ ನಿವೃತ್ತ ಟ್ರ್ಯಾಕ್ಟರ್ ಮೆಕ್ಯಾನಿಕ್. ಅವರಿಗಿಂತ ಮೊದಲು ಅವರ ಅಪ್ಪ ನೋಡಿಕೊಂಡಿದ್ದರಂತೆ.

ಷೆಡ್ಡಿನ ನಡುವೆ ಆ ತೋಪು ಕೂತಿತ್ತು. ತೋಪು ಎಂದರೆ ವಿಜಯಪುರದ ಕೋಟೆಯ ಮೇಲಿನದ್ದನ್ನು ಕಂಡವಳು ನಾನು. ಇದು ನನ್ನ ಸೊಂಟದೆತ್ತರವೂ ಇರಲಿಲ್ಲ. ಎರಡು ಪುಟ್ಟ ಗಾಲಿ, ಹಿಂದಕ್ಕೆ ಚಾಚಿದ ಎರಡು ಕಾಲು, ಮುಂದೆ ಗಿಡ್ಡ ನಳಿಗೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಕಾಲಾಳುಗಳು ಎಳೆದುಕೊಂಡು ಓಡಾಡಿದ ತೋಪು. ನಳಿಗೆಯ ಬಾಯಿ ನಲವತ್ತೇಳು ಮಿಲಿಮೀಟರ್. ಅವರದೇ ಸೈನಿಕರು ಪ್ರೀತಿಯಿಂದ ಇದನ್ನು ಆನೆಮರಿ ಎನ್ನುತ್ತಿದ್ದರಂತೆ. ಅದನ್ನು ನಾನು ಹೇಳಿದ್ದೇ ತಡ, ಅತ್ತೆ ಚಪ್ಪಲಿ ಕಳೆದು ಕೈಮುಗಿದರು.

ಪಕ್ಕದಲ್ಲಿ, ಗೋಡೆಗೆ ಒರಗಿಸಿದ ಒಂದು ಉಕ್ಕಿನ ಹಲಗೆ. ಉತ್ತರ ಆಫ್ರಿಕದ ಮರಳಿನಲ್ಲಿ ಕೆಟ್ಟು ನಿಂತ ಜರ್ಮನ್ ಟ್ಯಾಂಕಿನಿಂದ ಕೊಯ್ದು ತಂದದ್ದು. ಅದರ ನಡುವೆ ಒಂದು ದುಂಡನೆಯ ತೂತು.

ಕಥೆ ಇಷ್ಟು. ಜಾಯ್ಸ್ ಅವರ ಅಪ್ಪ ಟಾಮ್ ನ್ಯೂಜಿಲೆಂಡಿನ ಪಡೆಯಲ್ಲಿ ಸಿಪಾಯಿ. ಇಟಲಿಯವರು ಬಿಟ್ಟು ಓಡಿದ ಇಂಥ ಒಂದು ತೋಪು ಅವನ ಗುಂಪಿನ ಕೈಗೆ ಸಿಕ್ಕಿತು. ಮರುದಿನ ಟ್ಯಾಂಕು ಮೇಲೇರಿ ಬಂದಾಗ ತಾನೂ ಇಬ್ಬರು ಗೆಳೆಯರೂ ಅದೇ ತೋಪಿನಿಂದ ಅದನ್ನು ನಿಲ್ಲಿಸಿದೆವು, ಈ ತೂತು ನಾವು ಹೊಡೆದದ್ದು ಎಂದು ಟಾಮ್ ಹೇಳುತ್ತಿದ್ದ. ಇಬ್ಬರು ಗೆಳೆಯರೂ ಮರಳಿ ಬರಲಿಲ್ಲ. ಊರು ನಂಬಲಿಲ್ಲ. ಇಟಲಿಯವರು ಸೋತವರು, ಅವರ ತೋಪು ಆಟಿಕೆ ಎನ್ನುವುದು ಎಲ್ಲರ ಬಾಯಿಪಾಠ. ಟಾಮ್ ಊರಿನ ಮಾಜಿ ಸೈನಿಕರ ಕ್ಲಬ್ಬಿಗೆ ಕಾಲಿಟ್ಟರೆ ಸಾಕು, ಯಾರಾದರೊಬ್ಬರು ಬಾಯೊಳಗೆ ಬೆರಳು ಹಾಕಿ, ಕೆನ್ನೆಯಿಂದ ಬಿರಡೆ ಕಿತ್ತ ಹಾಗೆ, ಆಟಿಕೆ ತೋಪು ಸಿಡಿಯಿತು ಎಂದು ‘ಪಟ್’ ಎನ್ನಿಸುವರು. ಎಲ್ಲರೂ ನಗುವರು. ಕೊನೆಗೆ ಟಾಮ್ ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟ. ಶಾಲೆಯಲ್ಲಿ ಹುಡುಗರು ಜಾಯ್ಸ್‌ಗೂ ಹಾಗೇ ಮಾಡುತ್ತಿದ್ದರಂತೆ.

ಈಗ ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್‌ಜಾಕ್ ದಿನಕ್ಕೆ, ಎಂದರೆ ಏಪ್ರಿಲ್ ಕೊನೆಗೆ, ಷೆಡ್ಡಿನ ಎಲ್ಲ ಫಲಕಗಳನ್ನೂ ಹೊಸದಾಗಿ ಬರೆಸುವುದಿತ್ತು. ವೆಲ್ಲಿಂಗ್ಟನ್‌ನಿಂದ ಬಂದ ಒಬ್ಬ ಇತಿಹಾಸಕಾರರು ತೂತು ಅಳೆದು ಹೋಗಿದ್ದರು. ನಲವತ್ತಮೂರು ಮಿಲಿಮೀಟರ್. ಗುಂಡು ಹೊಕ್ಕ ತೂತು ಗುಂಡಿಗಿಂತ ತುಸು ದೊಡ್ಡದಿರುತ್ತದೆ, ಚಿಕ್ಕದಂತೂ ಇರಲಾರದು. ಬ್ರಿಟಿಷರ ತೋಪಿನ ಗುಂಡು ನಲವತ್ತರದು. ಆದ್ದರಿಂದ ತೂತು ಬ್ರಿಟಿಷ್ ತೋಪಿನದು, ಇಟಲಿಯ ತೋಪು ಟ್ಯಾಂಕಿನ ಎದುರು ಕೆಲಸಕ್ಕೆ ಬಾರದ್ದು ಎಂದು ಹೊಸ ಫಲಕದ ಮಾತು ಸಿದ್ಧವಾಗಿತ್ತು. ಕ್ಲಬ್ಬಿನ ನಗೆ ಇನ್ನು ಅಚ್ಚಾಗಿ ಗೋಡೆಗೇರುವುದರಲ್ಲಿತ್ತು.

"ನಾನು ಸಾಯುವ ಮೊದಲು ಅದನ್ನು ಓದಬೇಕಾ?" ಎಂದರು ಜಾಯ್ಸ್. ಗಂಟಲು ಮೊದಲ ಬಾರಿ ಸಣ್ಣಗಾಗಿತ್ತು.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಒಂದು ಯಂತ್ರವನ್ನು ಅಳೆದು ನೋಡದೆ ಆಟಿಕೆ ಎನ್ನುವುದೆಂದರೇನು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೋತವರ ಸೋಲನ್ನು ತೋಪಿನ ತಲೆಗೆ ಕಟ್ಟಿದ್ದರು. ನಮ್ಮಪ್ಪ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಲೇತ್ ಇಟ್ಟುಕೊಂಡವರು. ಕಡೆದು ಮಾಡಿದ ವಸ್ತುವಿನ ಮರ್ಯಾದೆ ಮನುಷ್ಯರದಕ್ಕಿಂತ ಕಡಿಮೆ ಅಲ್ಲ ಎಂದು ನಂಬಿದ ಮನೆಯಲ್ಲಿ ಬೆಳೆದವಳು ನಾನು.

ಎರಡು ಪ್ರಶ್ನೆ ಇದ್ದವು. ಈ ತೋಪಿಗೆ ಈ ಉಕ್ಕನ್ನು ತೂರುವ ಶಕ್ತಿ ಇತ್ತೇ? ಇದ್ದರೆ, ಈ ತೂತು ಅದರದೇ?

ಮೊದಲನೆಯದಕ್ಕೆ ಆ ಇಡೀ ಮಾರ್ಚ್ ತಿಂಗಳು ಹೋಯಿತು. ಹಲಗೆಯ ಹಿಂಬದಿಗೆ ಯಾರೂ ಬಣ್ಣ ಹಚ್ಚಿರಲಿಲ್ಲ. ಅಲ್ಲಿಂದಲೇ ದಪ್ಪ ಅಳೆದೆ, ಉಕ್ಕು ಎಷ್ಟು ಗಟ್ಟಿ ಎಂದು ನೋಡಿದೆ. ದಪ್ಪ ಸುಮಾರು ಮೂವತ್ತು ಮಿಲಿಮೀಟರ್, ನನ್ನ ಹೆಬ್ಬೆರಳಿನ ಉದ್ದದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಗುಂಡಿನ ತೂಕ, ಅದು ನಳಿಗೆ ಬಿಡುವಾಗಿನ ವೇಗ ಹಳೆಯ ಕೈಪಿಡಿಗಳಲ್ಲಿ ಸಿಕ್ಕವು. ಒಂದು ಕಾಲದಲ್ಲಿ ನೌಕಾದಳದವರು ಬಳಸುತ್ತಿದ್ದ ಸೂತ್ರ ಒಂದಿದೆ. ಗುಂಡು ಎಷ್ಟು ತೂಕ, ಎಷ್ಟು ಅಗಲ, ಎಷ್ಟು ವೇಗ ಎಂದು ಕೊಟ್ಟರೆ ಎಷ್ಟು ದಪ್ಪದ ಉಕ್ಕು ತೂರೀತು ಎಂದು ಹೇಳುತ್ತದೆ. ಇನ್ನು ಬೇಕಾದದ್ದು ದೂರ. ಟಾಮ್ ಅದನ್ನು ಮಗಳಿಗೆ ಗಜದಲ್ಲಿ ಹೇಳಿರಲಿಲ್ಲ.

"‘ನಮ್ಮ ಗೇಟಿನಿಂದ ಕುರಿ ಉಣ್ಣೆ ಕತ್ತರಿಸುವ ಷೆಡ್ಡಿನಷ್ಟು’ ಅನ್ನುತ್ತಿದ್ದ," ಎಂದರು ಜಾಯ್ಸ್.

ಸರಿ, ಆ ಹೊಲಕ್ಕೇ ಹೋದೆವು. ಈಗ ಬೇರೆಯವರದ್ದು. ಗೇಟು, ಷೆಡ್ಡು ಎರಡೂ ಹಾಗೇ ಇದ್ದವು. ನಾನು ಲೇಸರ್ ಹಿಡಿದು ಗೇಟಿನ ಹತ್ತಿರ ನಿಂತೆ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಷೆಡ್ಡಿನ ಗೋಡೆಗೆ ಬಿಳಿ ರಟ್ಟು ಹಿಡಿದು ನಿಂತರು. ಕುರಿಗಳೆಲ್ಲ ಅತ್ತೆಯ ಸುತ್ತ ನೆರೆದವು. "ಲಗೂನ ಮುಗಸವಾ, ಇವು ನನ್ನ ಸೀರಿ ತಿನ್ನಾಕತ್ತಾವ!" ಎಂದು ಅಲ್ಲಿಂದಲೇ ಕೂಗಿದ್ದು ಜಾಯ್ಸ್‌ಗೆ ಅರ್ಥವಾಗಿ ಹೊಟ್ಟೆ ಹಿಡಿದು ನಕ್ಕರು.

ಲೆಕ್ಕ ಒಮ್ಮೆ ಹಾಕಿದೆ. ಗುಂಡು ಓರೆಯಾಗಿ ಬಡಿದಿರಬಹುದು, ಮದ್ದು ಹಳತಾಗಿರಬಹುದು ಎಂದು ಅನುಮಾನಕ್ಕೆ ಜಾಗ ಬಿಟ್ಟು ಮತ್ತೆ ಹಾಕಿದೆ. ಅಷ್ಟು ದೂರದಿಂದ ಆ ಪುಟ್ಟ ತೋಪು ಆ ಹಲಗೆಯನ್ನು ತೂರಿ, ಇನ್ನೂ ಕಸುವು ಉಳಿಸಿಕೊಳ್ಳುತ್ತಿತ್ತು. ಆನೆಮರಿ ಆಟಿಕೆಯಾಗಿರಲಿಲ್ಲ. ಅಂದು ಸಂಜೆ ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ.

ಎರಡನೆಯ ಪ್ರಶ್ನೆಗೆ ಹಿಗ್ಗೆಲ್ಲ ಇಳಿಯಿತು. ತೂತನ್ನು ನಾನೇ ವರ್ನಿಯರ್ ಮಾಪಕ ಹಿಡಿದು ಅಳೆದೆ. ಎಷ್ಟು ಸಲ ಅಳೆದರೂ ನಲವತ್ತಮೂರೇ. ನಲವತ್ತೇಳರ ಗುಂಡು ನಲವತ್ತಮೂರರ ತೂತಿನಲ್ಲಿ ಹೇಗೆ ಹೋದೀತು? ಜಾಯ್ಸ್‌ಗೆ ಹೇಳಲೇಬೇಕಾಯಿತು. ತೋಪಿಗೆ ಶಕ್ತಿ ಇತ್ತು, ಆದರೆ ಈ ತೂತು ಅದರದಲ್ಲ ಎಂದು ಹೇಳಿದೆ. ಅವರು, ಉದುರಲು ಶುರುವಾಗಿದ್ದ, ಪೇರಲದಂಥ ಫಿಜೋವಾ ಹಣ್ಣು ಒಂದು ಚೀಲ ತಂದು ಬೇಲಿಯ ಮೇಲೆ ಇಟ್ಟು ಒಳಗೆ ಹೋದರು. ಮುಂದೆ ಕೆಲವು ದಿನ ಬೇಲಿಯ ಹತ್ತಿರ ಅತ್ತೆ ಒಬ್ಬರೇ ನಿಂತಿರುತ್ತಿದ್ದರು.

"ಏನಂದಿ ಆಕಿಗೆ?" ಎಂದು ನನ್ನನ್ನು ಗದರಿದರು.

"ಇದ್ದದ್ದು ಇದ್ದಂಗ ಹೇಳೀನ್ರಿ ಅತ್ತೀ."

"ಇದ್ದದ್ದು ಸರಿಯಾಗಿ ನೋಡಿಯಿಲ್ಲೊ?"

ಆ ಮಾತು ಚುಚ್ಚಿತು. ಏಕೆಂದರೆ ನನಗೂ ಒಂದು ಅಸಮಾಧಾನ ಇತ್ತು. ಗುಂಡು ಹೊಕ್ಕ ತೂತಿನ ಅಂಚು ಹರಿತವಾಗಿರಬೇಕು. ಇದರದ್ದು ತುಪ್ಪ ಸವರಿದ ಹಾಗೆ ನುಣ್ಣಗಿತ್ತು. ಎಂಬತ್ತು ವರ್ಷದ ಹಳೆಯ ಮಾಲು, ಸವೆದಿರಬಹುದು ಎಂದುಕೊಂಡಿದ್ದೆ. ಆದರೆ ಸವೆದರೆ ತೂತು ದೊಡ್ಡದಾಗಬೇಕು, ಚಿಕ್ಕದಾಗುವುದಿಲ್ಲ.

ಆನ್‌ಜಾಕ್ ದಿನದ ಹಿಂದಿನ ಭಾನುವಾರ ಷೆಡ್ಡಿನಲ್ಲಿ ವರ್ಕಿಂಗ್ ಬೀ. ಊರಿನವರು ಸೇರಿ ಕೂಲಿಯಿಲ್ಲದೆ ಕೆಲಸ ಮಾಡುವ ದಿನ. ಮನೆಗೊಂದು ತಿಂಡಿ ತರಬೇಕು. ದಕ್ಷಿಣದ ಚಳಿಗಾಳಿ ತಿರುಗಿತ್ತು, ಪಾಪ್ಲರ್ ಮರಗಳು ಹಳದಿಯಾಗಿ ನಿಂತಿದ್ದವು. ಜಾಯ್ಸ್ ಬರಲೊಲ್ಲೆ ಎಂದಿದ್ದರು. ಅತ್ತೆ ಒಂದು ದೊಡ್ಡ ಡಬ್ಬಿ ಗಿರ್ಮಿಟ್ ಕಲಸಿಕೊಂಡು, ಅವರ ಮನೆಗೆ ಹೋಗಿ ಕೈಹಿಡಿದು ಎಬ್ಬಿಸಿಕೊಂಡು ಬಂದರು.

ಷೆಡ್ಡಿಗೆ ಕಾಲಿಟ್ಟರೆ ಘಮ್ಮೆಂದು ಎನಾಮೆಲ್ ಪೇಂಟಿನ ವಾಸನೆ. ಬ್ಯಾರಿ ಉಕ್ಕಿನ ಹಲಗೆಯ ಮುಂದೆ ಮೊಣಕಾಲೂರಿ ಕೂತು ಹಸಿರು ಬಳಿಯುತ್ತಿದ್ದರು. ಮೊದಲು ಮೈಯನ್ನೆಲ್ಲ ಮರಳುಕಾಗದದಿಂದ ಉಜ್ಜಿ, ಒರೆಸಿ, ಆಮೇಲೆ ಬಣ್ಣ. ಕೊನೆಗೆ ಬ್ರಷ್ಷನ್ನು ಪೂರ್ತಿ ಅದ್ದಿ ತೂತಿನೊಳಗೆ ತೂರಿಸಿ, ಒಂದು ಸುತ್ತು ತಿರುಗಿಸಿ ತೆಗೆದರು.

ಅತ್ತೆ ನನ್ನ ಕಿವಿಯಲ್ಲಿ, "ಏ, ಇವರೂ ಖಂಡೇಪೂಜಿ ಮಾಡ್ತಾರಲ್ಲ! ವರ್ಷಾ ವರ್ಷಾ ಮಾಡ್ತಾರೇನು?" ಅಂದರು.

ನಾನು ನಿಂತಲ್ಲೇ ನಿಂತೆ. ಮಹಾನವಮಿಯ ಹಿಂದಿನ ದಿನ ಅಪ್ಪನ ವರ್ಕ್‌ಶಾಪು ಕಣ್ಣ ಮುಂದೆ ಬಂತು. ಖಂಡೇಪೂಜೆಗೆ, ಎಂದರೆ ಆಯುಧಪೂಜೆಗೆ, ಲೇತು, ಡ್ರಿಲ್ಲು, ಮೋಟರು ಎಲ್ಲಕ್ಕೂ ಇದೇ ವಾಸನೆಯ ಹಸಿರು ಬಣ್ಣ. ನಟ್ಟು ಬೋಲ್ಟನ್ನೂ ಬಿಡುತ್ತಿರಲಿಲ್ಲ. ಪೂಜೆ ಮುಗಿದು ಕೆಲಸ ಶುರುವಾದ ದಿನ ನಟ್ಟು ತಿರುಗಿಸುವ ಯಾವ ಪಾನಾನೂ ಯಾವ ನಟ್ಟಿಗೂ ಕೂಡುತ್ತಿರಲಿಲ್ಲ. ವರ್ಷ ವರ್ಷ ಬಳಿದ ಬಣ್ಣದಿಂದ ನಟ್ಟುಗಳೇ ಉಬ್ಬಿರುತ್ತಿದ್ದವು. "ಭಕ್ತಿ ಜಾಸ್ತಿ ಆತು, ಪಾನಾ ಹತ್ತವಲ್ದು," ಎಂದು ಅಪ್ಪ ಬೈಯುತ್ತಿದ್ದರು.

"ಬ್ಯಾರಿ, ತೂತಿನ ಒಳಗೂ ಮರಳುಕಾಗದ ಹಾಕುತ್ತೀರಾ?" ಎಂದು ಕೇಳಿದೆ.

"ಒಳಗೆ ಕೈ ಎಲ್ಲಿ ಹೋಗುತ್ತದೆ? ಅಲ್ಲಿ ಬರೀ ಬಣ್ಣ."

"ಯಾವಾಗಿನಿಂದ?"

"ಹಲಗೆ ಬಂದಾಗಿನಿಂದ. ಪ್ರತಿ ಏಪ್ರಿಲ್. ಮೊದಲು ಅಪ್ಪ, ಈಗ ನಾನು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ಸುಮ್ಮನೆ ಅಲ್ಲ. ವೆಲ್ಲಿಂಗ್ಟನ್ನಿನವರೂ ನಾನೂ ಅಳೆದದ್ದು ಉಕ್ಕನ್ನಲ್ಲ. ಈ ಊರಿನ ಎಂಬತ್ತು ಏಪ್ರಿಲ್‌ಗಳ ಭಕ್ತಿಯನ್ನು.

ತೂತಿನ ಬಣ್ಣ ಕೆರೆಯಬೇಕು ಎಂದೆ. ಬ್ಯಾರಿಯ ಮುಖ ಬಿಗಿಯಿತು. "ಆಗುವುದಿಲ್ಲ. ಅದರಲ್ಲಿ ನಮ್ಮಪ್ಪ ಬಳಿದ ಬಣ್ಣ ಇದೆ," ಎಂದರು.

ಜಾಯ್ಸ್ ಟೀ ಕಪ್ಪು ಹಿಡಿದು ದೂರದಲ್ಲಿ ನಿಂತಿದ್ದರು. "ಅದರ ಕೆಳಗೆ ನಮ್ಮಪ್ಪ ಇದ್ದಾನೆ, ಬ್ಯಾರಿ," ಎಂದರು, ಅಷ್ಟೇ.

ಷೆಡ್ಡಿನಲ್ಲಿ ಎಲ್ಲರ ಬ್ರಷ್ಷೂ ನಿಂತಿತು. ನಾನು ಬ್ಯಾರಿಯ ಪಕ್ಕದಲ್ಲಿ ನೆಲಕ್ಕೆ ಕೂತೆ. ನಮ್ಮೂರಿನ ಪೂಜೆಯ ವಿಷಯ ಹೇಳಿದೆ. ನಟ್ಟು ತಿರುಗಿಸಲೇಬೇಕಾದಾಗ ಆಳುಗಳ ಕೈಗೆ ಕೊಡದೆ ಅಪ್ಪ ತಾವೇ ಕೆರೆಯುವ ಉಳಿ ಹಿಡಿಯುತ್ತಿದ್ದರು, ಕಣ್ಣಿಗೊತ್ತಿಕೊಂಡು ಬೇಕಾದಷ್ಟೇ ಕೆರೆಯುತ್ತಿದ್ದರು ಎಂದು ಹೇಳಿದೆ. "ಬೇರೆ ಯಾರೂ ಮುಟ್ಟುವುದು ಬೇಡ. ನೀವೇ ಕೆರೆಯಿರಿ. ಎದುರುಬದುರು ಎರಡು ಕಡೆ, ಬೆರಳಗಲ ಸಾಕು. ಉಳಿದದ್ದು ಹಾಗೇ ಇರಲಿ."

ಬ್ಯಾರಿ ಬಣ್ಣದ ಡಬ್ಬಿಯ ಮುಚ್ಚಳ ಮುಚ್ಚಿದರು. ಆಮೇಲೆ ಎದ್ದು ಹೋಗಿ ತಮ್ಮ ಅಪ್ಪನ ಕಾಲದ ಒಂದು ಉಳಿ ತಂದರು.

ಬಣ್ಣ ಈರುಳ್ಳಿಯ ಹಾಗೆ ಪದರಪದರವಾಗಿ ಬಂತು. ಹಸಿರು, ಬೂದು, ಮರಳಿನ ಬಣ್ಣ, ಮತ್ತೆ ಹಸಿರು, ತಳದಲ್ಲಿ ತುಕ್ಕು ತಡೆಯುವ ಕೆಂಪು. ಅದರ ಕೆಳಗೆ ಉಕ್ಕು, ಹರಿತ ಅಂಚು, ಗುಂಡು ಉಜ್ಜಿ ಹೋದ ಗೀರುಗಳು. ಕಿತ್ತು ಬಂದ ಒಂದು ಚಕ್ಕೆಯನ್ನು ಬ್ಯಾರಿ ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ವರ್ನಿಯರ್ ಅವರ ಕೈಗೇ ಕೊಟ್ಟೆ. ಅವರು ಅದನ್ನು ಎರಡು ಬೋಳು ಜಾಗಗಳ ನಡುವೆ ಹಿಡಿದು, ಕನ್ನಡಕ ಏರಿಸಿ, ಓದಿದರು. ಮತ್ತೊಮ್ಮೆ ಓದಿದರು.

"ನಲವತ್ತೆಂಟಕ್ಕೆ ಸ್ವಲ್ಪ ಕಡಿಮೆ," ಎಂದರು. ಎದ್ದು ನಿಂತು, ಜಾಯ್ಸ್ ಕಡೆ ನೋಡದೆ ಹೊರಗೆ ಹೋದರು.

ಆ ಕ್ಷಣ ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ. ಬಾಯ್ಲರ್ ಸಿಡಿಯದಂತೆ ತಡೆದಿದ್ದೇನೆ, ಅದಕ್ಕೆ ಶಹಭಾಸ್‌ಗಿರಿಯೂ ಸಿಕ್ಕಿದೆ. ಇಂಥ ಹೆಮ್ಮೆ ಮತ್ತೆ ಬಂದಿಲ್ಲ.

ವೆಲ್ಲಿಂಗ್ಟನ್ನಿನವರಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಒಳ್ಳೆಯ ಮನುಷ್ಯ. "ನಾನು ಅಷ್ಟು ದೂರ ಬಂದು ಬಣ್ಣ ಅಳೆದು ಹೋದೆನಾ!" ಎಂದು ನಕ್ಕು, ಫಲಕದ ಮಾತು ಅಂದೇ ಬದಲಿಸಿದರು. ಜಾಯ್ಸ್‌ಗೆ ನಾನು ಒಂದು ವಿಷಯ ಬಿಡಿಸಿ ಹೇಳಿದೆ. ಇದು ಇಂಥ ತೋಪಿನ ತೂತು, ಇಷ್ಟು ಉಕ್ಕು ಹೇಳುತ್ತದೆ. ಯಾರು ಹೊಡೆದರು ಎನ್ನುವುದನ್ನು ಉಕ್ಕು ಹೇಳುವುದಿಲ್ಲ.

"ಅದನ್ನು ಹೇಳಲು ಅಪ್ಪ ಇದ್ದ," ಎಂದರು ಜಾಯ್ಸ್. "ಅವನ ಮಾತಿಗೆ ಉಕ್ಕು ಅಡ್ಡ ಬರದಿದ್ದರೆ ಸಾಕು."

ಆನ್‌ಜಾಕ್ ದಿನ ನಸುಕಿನ ಪ್ರಾರ್ಥನೆ ಮುಗಿಸಿ ಊರೆಲ್ಲ ಷೆಡ್ಡಿಗೆ ಬಂತು. ಎಲ್ಲರ ಎದೆಯ ಮೇಲೆ ಕೆಂಪು ಕಾಗದದ ಹೂವು, ಜಾಯ್ಸ್ ಎದೆಯ ಮೇಲೆ ಅಪ್ಪನ ಪದಕಗಳೂ. ಅತ್ತೆ ಇಳಕಲ್ ಸೀರೆ ಉಟ್ಟು ಅವರ ತೋಳು ಹಿಡಿದು ನಿಂತಿದ್ದರು. ಹಲಗೆ ಹೊಸ ಹಸಿರಿನಲ್ಲಿ ಹೊಳೆಯುತ್ತಿತ್ತು, ತೂತಿನ ಆ ಎರಡು ಬೋಳು ಜಾಗಗಳನ್ನು ಬಿಟ್ಟು. ಅಲ್ಲಿ ಬ್ಯಾರಿ ಎಣ್ಣೆ ಮಾತ್ರ ಸವರಿದ್ದರು. ಫಲಕ ಓದಿದವರೂ ಅವರೇ. ಈ ತೂತು ಇಟಲಿಯ ಕಾಲಾಳು ತೋಪಿನ ಅಳತೆಯದು. ಕೈವಶವಾದ ಇಂಥ ಒಂದು ತೋಪಿನಿಂದ ಈ ಟ್ಯಾಂಕನ್ನು ನಿಲ್ಲಿಸಿದೆವು ಎಂದು ಈ ಊರಿನ ಟಾಮ್ ಹೇಳಿದ್ದ. ಅವನ ಇಬ್ಬರು ಗೆಳೆಯರ ಹೆಸರೂ ಕೆಳಗೆ ಇದ್ದವು.

ಓದಿ ಮುಗಿಸಿ ಬ್ಯಾರಿ ಟೋಪಿ ತೆಗೆದರು. "ಜಾಯ್ಸ್, ಕ್ಲಬ್ಬಿನಲ್ಲಿ ಆ ಶಬ್ದ ಮೊದಲು ಮಾಡಿದವರು ನಮ್ಮಪ್ಪ. ಶಾಲೆಯಲ್ಲಿ ನಿನಗೆ ಮಾಡಿದವನು ನಾನು," ಎಂದರು. "ಇಬ್ಬರ ಪರವಾಗಿಯೂ ಕ್ಷಮಿಸು."

ಜಾಯ್ಸ್ ಅತ್ತೆಯ ಕೈ ಬಿಡಿಸಿಕೊಂಡು ಮೆಲ್ಲಗೆ ತೋಪಿನ ಹಿಂದೆ ಹೋಗಿ ನಿಂತರು. ನಳಿಗೆಯ ಮೇಲೆ ಎಡಗೈ ಇಟ್ಟರು. ತುಂಬಿದ ಷೆಡ್ಡನ್ನೊಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಬಲಗೈಯ ಬೆರಳನ್ನು ಬಾಯೊಳಗೆ ಹಾಕಿ, ಎಂಬತ್ತರ ಕೆನ್ನೆಯಿಂದ ತಗಡಿನ ಮಾಡು ಗಣಗುಟ್ಟುವ ಹಾಗೆ ಒಂದು ‘ಪಟ್’ ಹೊಡೆದರು.

ಒಂದು ಗಳಿಗೆ ಎಲ್ಲರೂ ದಂಗಾದರು. ಮೊದಲು ನಕ್ಕವರು ಬ್ಯಾರಿ, ಕಣ್ಣೊರೆಸಿಕೊಂಡು. ಆಮೇಲೆ ಇಡೀ ಷೆಡ್ಡು. ಈ ಸಲದ ನಗು ಟಾಮ್‌ನ ಕಡೆಗಿತ್ತು.

ಯಾರ ಮಾತೂ ಅರ್ಥವಾಗದ ಅತ್ತೆ ಮಾತ್ರ ನಗಲಿಲ್ಲ. ನೆಟ್ಟಗೆ ನಿಂತು, ನನ್ನ ತೋಳು ಚಿವುಟಿ, "ನೋಡಿದ್ಯಾ ಶಶಿ," ಅಂದರು. "ಜಾಯ್ಸಕ್ಕ ಗುಂಡು ಹೊಡದ್ಲು."